ತಂತಿಯ ಈ ತುದಿ

ಬೆಳಗಿನ ಏಳು ಗಂಟೆಗೆ ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ನಿಂತವರ ಕೈಯಲ್ಲಿ ಏನಿದೆ ಎಂದು ನೋಡಿದರೆ ಅರ್ಧ ಸೀಮೆಯ ಕಷ್ಟಸುಖ ತಿಳಿದುಹೋಗುತ್ತದೆ. ಹೂವಿನ ಬುಟ್ಟಿ, ಹಾಲಿನ ಕ್ಯಾನು, ಕಾಲೇಜು ಬ್ಯಾಗುಗಳ ನಡುವೆ ಒಂದೆರಡು ಉದ್ದನೆಯ ಕವರುಗಳು ಇದ್ದೇ ಇರುತ್ತವೆ. ಮೇಲೆ ಯಾವುದೋ ಜವಳಿ ಅಂಗಡಿಯ ಹೆಸರು. ಒಳಗೆ ಎಕ್ಸ್‌ರೇ, ಸ್ಕ್ಯಾನಿಂಗ್ ಹಾಳೆ, ಮಡಿಸಿ ಮಡಿಸಿ ಗೆರೆ ಬಿದ್ದ ಓಪಿಡಿ ಚೀಟಿ. ಎಕ್ಸ್‌ರೇ ಮುದುರೀತೆಂದು ಆ ಕವರನ್ನು ಯಾರೂ ಕಂಕುಳಲ್ಲಿ ಇರುಕಿಕೊಳ್ಳುವುದಿಲ್ಲ, ಎದೆಗೆ ಆನಿಸಿ ಹಿಡಿದಿರುತ್ತಾರೆ. ಮಳವಳ್ಳಿ ಕಡೆಗೆ ಮುಖ ಮಾಡಿ ನಿಂತವರು ಬೆಂಗಳೂರಿಗೆ. ಹೃದಯವಾದರೆ ಜಯದೇವ, ನರವಾದರೆ ನಿಮ್ಹಾನ್ಸ್, ಗಡ್ಡೆಯಾದರೆ ಕಿದ್ವಾಯಿ. ಈಚೆ ಬದಿಯಲ್ಲಿ ನಿಂತವರಲ್ಲಿ ಕೆಲವರು ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ, ಕೆಲವರು ಹನೂರು ರಸ್ತೆಯ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಅಲ್ಲೂ ಆಗದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ.

“ಎಲ್ಗ ಹೊಂಟ್ರವ್ವ?”

“ಬೆಂಗ್ಳೂರ್ಗ ಕನಪ್ಪ. ಮಗಳ್ಗ ಉಸ್ರು ಕಟ್ತದ. ಇಲ್ಲಿ ಮಿಷಿನಿಲ್ವಂತ, ಅಲ್ಲದಂತ.”

ಇಲ್ಲಿಲ್ಲ, ಅಲ್ಲಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಆರೋಗ್ಯದ ಕಥೆಯನ್ನು ಈ ಒಂದು ಮಾತಿನಲ್ಲೇ ಮುಗಿಸಿಬಿಡುವವರಿದ್ದಾರೆ. ಮುಗಿಸಲು ಬಿಡದಿರುವುದು ಇಲ್ಲಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಒಂದು ಬೆಟ್ಟ, ಆ ಬೆಟ್ಟ ಹತ್ತಿದ ಒಬ್ಬ ಡಾಕ್ಟರು. ಆ ಕಥೆಗೆ ಬರುತ್ತೇನೆ. ಮೊದಲು ಹೊಳೆ.

ಹ್ಯಾಂಡ್‌ಪೋಸ್ಟಿನಿಂದ ಶಿವನಸಮುದ್ರದ ಕಡೆಗೆ ಹೊರಳಿದರೆ ಗದ್ದೆ, ಕಬ್ಬು, ತೆಂಗು, ಕೊನೆಗೆ ಕಾವೇರಿ. ನಡುಗಡ್ಡೆಯನ್ನು ಬಳಸಿಕೊಂಡು ಹೊಳೆ ಎರಡಾಗಿ ಹರಿಯುತ್ತದೆ. ಗಗನಚುಕ್ಕಿ ಮಂಡ್ಯ ಜಿಲ್ಲೆಯ ಪಾಲು, ಭರಚುಕ್ಕಿ ನಮ್ಮ ಚಾಮರಾಜನಗರದ ಪಾಲು. ಹಳೆಯ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು 2018ರ ಆಗಸ್ಟ್ ಪ್ರವಾಹದಲ್ಲಿ ಒಂದಷ್ಟು ಕಳೆದುಕೊಂಡೂ ನೀರಿನಲ್ಲಿ ಸಾಲಾಗಿ ನಿಂತಿವೆ. ಮಳೆಗಾಲದಲ್ಲಿ ಈ ದಂಡೆಯಲ್ಲಿ ನಿಂತು ಮಾತಾಡಬೇಕೆಂದರೆ ಕೂಗಬೇಕು. ಬಿಸಿಲುಗಾಲದಲ್ಲಿ ಬಂಡೆಗಳ ನಡುವೆ ಹುಡುಗರು ಮೀನು ಹುಡುಕುತ್ತಾರೆ.

ದಿವಾನ್ ಶೇಷಾದ್ರಿ ಅಯ್ಯರ್ ಈ ಧಾರೆಯಿಂದ ವಿದ್ಯುತ್ತು ತೆಗೆಯುವ ಯೋಜನೆ ಹಾಕಿ, ಅದು ಉರಿಯುವುದನ್ನು ನೋಡದೆ 1901ರಲ್ಲಿ ತೀರಿಕೊಂಡರು. ಮರುವರ್ಷ, 1902ರಲ್ಲಿ, ಆಚೆ ದಂಡೆಯ ವಿದ್ಯುದಾಗಾರದಿಂದ ಹೊರಟ ತಂತಿ ಸುಮಾರು 147 ಕಿಲೋಮೀಟರು ದಾಟಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ತು ಒಯ್ದದ್ದು ಲೋಕದಲ್ಲೇ ದೊಡ್ಡ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿ ಯಾರ ತಲೆಯ ಮೇಲೆ ಹಾದುಹೋಯಿತೋ ಆ ಹಳ್ಳಿಗಳಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿಯೇ ಬಹುಕಾಲ ನಡೆಯಿತು. ಸತ್ತೇಗಾಲ ಆಗ ಮೈಸೂರು ಸಂಸ್ಥಾನದ್ದೂ ಅಲ್ಲ. ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ. ತಂತ್ರಜ್ಞಾನ ಬಂದಿದೆಯೇ ಎಂದು ಕೇಳುವವರು ಅದು ಯಾರ ಮನೆಯೊಳಗೆ ಇಳಿಯಿತು ಎಂದು ಕೇಳುವುದು ಕಡಿಮೆ. ಈ ಹೊಳೆಯ ದಂಡೆಯಲ್ಲಿ ಆ ಎರಡನೆಯ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈಗ ತಂತಿ ಹಿಮ್ಮುಖವಾಗಿ ಹರಿಯುತ್ತಿದೆ. ಪಟ್ಟಣದ ತಜ್ಞರ ಸಲಹೆ ಹಳ್ಳಿಯ ಉಪಕೇಂದ್ರಕ್ಕೆ ಬರುತ್ತದೆ. ಈ ಭಾಗದ ಯಾವುದಾದರೊಂದು ಆಯುಷ್ಮಾನ್ ಆರೋಗ್ಯ ಮಂದಿರದ ಒಳಗೆ ಹತ್ತು ನಿಮಿಷ ಕೂತು ನೋಡಿ. ಒಂದು ಮೇಜು, ಬಿಪಿ ಯಂತ್ರ, ಗೋಡೆಗೆ ಲಸಿಕೆಯ ಪಟ್ಟಿ, ಮೂಲೆಯಲ್ಲಿ ಮಗು ತೂಗುವ ತಕ್ಕಡಿ. ಸಮುದಾಯ ಆರೋಗ್ಯ ಅಧಿಕಾರಿ ಎಂಬ ಉದ್ದನೆಯ ಹುದ್ದೆಯ ಹೆಸರಿನ ಹುಡುಗಿಯನ್ನು ಊರವರು ಕರೆಯುವುದು ಸಿಸ್ಟರಮ್ಮ ಎಂದೇ. ಅವಳು ಇ-ಸಂಜೀವಿನಿ ತೆರೆಯುತ್ತಾಳೆ. 2019ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಇವಳು ಈ ತುದಿ, ಎಲ್ಲೋ ಕೂತ ಡಾಕ್ಟರು ಆ ತುದಿ. ಎದುರಿಗೆ ಅರವತ್ತು ದಾಟಿದ ಅಜ್ಜಿ. ಪರದೆಯ ಮೇಲೆ ಡಾಕ್ಟರ ಮುಖ ಮೂಡುತ್ತದೆ, ಒಮ್ಮೆ ನಿಲ್ಲುತ್ತದೆ, ಮತ್ತೆ ಚಲಿಸುತ್ತದೆ. ಮಾತ್ರೆ ತಪ್ಪದೆ ತಗೊಳ್ತಿದ್ದೀರಾ ಎಂದು ಅವರು ಕೇಳುತ್ತಾರೆ. ಅಜ್ಜಿ ಸೆರಗು ಸರಿಮಾಡಿಕೊಂಡು ಪರದೆಗೆ ಕೈಮುಗಿಯುತ್ತಾಳೆ.

“ತಗತೀನಿ ಬುದ್ದಿ.”

ಕರೆ ಮುಗಿದ ಮೇಲೆ ಸಿಸ್ಟರಮ್ಮನ ಮೊಣಕೈ ಹಿಡಿದು ಪಿಸುಗುಟ್ಟುತ್ತಾಳೆ: “ಮಾತ್ರ ಮುಗ್ದು ಹದಿನೈದು ದಿನ ಆಯ್ತು ಕನವ್ವ. ಅವ್ರ್ಗ ಹೇಳ್ಬ್ಯಾಡ.”

ನಿಜ ಹೇಳಿದ್ದು ಪಕ್ಕದಲ್ಲಿ ಕೂತವಳಿಗೆ. ಡಾಕ್ಟರು ಬರೆದ ಹೊಸ ಡೋಸು ತಪ್ಪು ಲೆಕ್ಕದ ಮೇಲೆ ನಿಂತಿದೆ. ಇನ್ನು ಸಿಸ್ಟರಮ್ಮ ಮತ್ತೆ ಕರೆ ಮಾಡಿ, “ಸರ್, ಒಂದು ವಿಷಯ” ಎಂದು ಹೇಳುತ್ತಾಳೋ ಇಲ್ಲವೋ, ಹೇಳಿದರೆ ಡಾಕ್ಟರು ಬೇಸರಿಸದೆ ಕೇಳಿಸಿಕೊಳ್ಳುತ್ತಾರೋ ಇಲ್ಲವೋ, ಎಲ್ಲವೂ ಅಲ್ಲಿಗೆ ಬಂದು ನಿಲ್ಲುತ್ತದೆ. ನಾಯಕತ್ವ, ತಂಡ ಎಂಬ ಮಾತುಗಳನ್ನು ಬೆಂಗಳೂರಿನ ಹೋಟೆಲ್ ಸಭಾಂಗಣಗಳಲ್ಲಿ ದೊಡ್ಡ ಪರದೆಯ ಮೇಲೆ ಚಿತ್ರ ಬರೆದು ವಿವರಿಸುತ್ತಾರೆ. ಸ್ಟೆತಾಸ್ಕೋಪು ಬಿಟ್ಟು ಕಂಪನಿಯ ಕುರ್ಚಿ ಹಿಡಿದ ವೈದ್ಯರಿಗೆ ಅಲ್ಲಿ ಒಳ್ಳೆಯ ಬೇಡಿಕೆ. ಕಿರಿಯಳೊಬ್ಬಳು ಹಿರಿಯರಿಗೆ “ಒಂದು ವಿಷಯ ಬಿಟ್ಟುಹೋಯ್ತು” ಎಂದು ಅಂಜದೆ ಹೇಳುವ ಸಲಿಗೆ ಇದೆಯೋ ಇಲ್ಲವೋ ಎಂಬುದನ್ನು ನೋಡಲು ಮಾತ್ರ ಇಂಥ ಕೋಣೆಗೇ ಬರಬೇಕು.

ಈ ಜಿಲ್ಲೆಗೆ ದೂರವೈದ್ಯ ಹೊಸದೂ ಅಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಜಿಲ್ಲೆಗೆ ಆಗ ಐದೇ ವರ್ಷ ವಯಸ್ಸು. ಆಚೆ ತುದಿಯಲ್ಲಿದ್ದವರು ಡಾ. ದೇವಿ ಶೆಟ್ಟಿ, ಕತ್ತರಿ ಹಿಡಿದ ಕೈಯಲ್ಲೇ ಆಸ್ಪತ್ರೆಗಳ ಲೆಕ್ಕಪುಸ್ತಕವನ್ನೂ ಹಿಡಿದವರು. ತಟ್ಟೆಯಾಕಾರದ ಆಂಟೆನಾವನ್ನು ಜನ ನಿಂತು ನೋಡಿದರು, ಪತ್ರಿಕೆಗಳು ಬರೆದವು. ಬರೆಯದೇ ಉಳಿದದ್ದು ಇಸಿಜಿ ತೆಗೆಯುವ ಕೆಲಸ. ಕೈಕಾಲಿಗೆ ನಾಲ್ಕು ಹಿಡಿಕೆ, ಎದೆಯ ಮೇಲೆ ಆರು ಬಿಂದು. ಮೊದಲನೆಯದು ಎದೆಮೂಳೆಯ ಬಲಕ್ಕೆ, ನಾಲ್ಕನೆಯ ಪಕ್ಕೆಸಂದಿನಲ್ಲಿ. ಬೆರಳಿನಿಂದ ಪಕ್ಕೆಲುಬು ಎಣಿಸಿಕೊಂಡು ಹೋಗಿ ಇಡಬೇಕು. ಎಡ ಬಲದ ತಂತಿ ಅದಲುಬದಲಾದರೆ ಇಲ್ಲದ ಕಾಯಿಲೆ ಕಾಣುತ್ತದೆ, ಇರುವುದು ಮರೆಯಾಗುತ್ತದೆ. ಎದುರಿಗೆ ಮಲಗಿದವಳು ಹೆಂಗಸಾದರೆ ರವಿಕೆ ಸಡಿಲಿಸಲು ನಾಚುತ್ತಾಳೆ. ಆಗ ಒಬ್ಬರು ಪರದೆ ಎಳೆಯಬೇಕು, ಒಬ್ಬರು ಗಂಡನನ್ನು ಬಾಗಿಲಾಚೆ ನಿಲ್ಲಿಸಬೇಕು, ನರ್ಸಮ್ಮ “ಏನಾಗಲ್ಲ ಕನವ್ವ, ಉಸ್ರು ಬುಡು” ಎನ್ನಬೇಕು. ನಡುಗುವ ಮೈಯ ಗ್ರಾಫು ಉಪಗ್ರಹದಷ್ಟೆತ್ತರ ಹೋಗಿ ಬಂದರೂ ನಡುಗುತ್ತಲೇ ಇರುತ್ತದೆ.

2023ರಲ್ಲಿ ಸರ್ಕಾರ ಶುರುಮಾಡಿದ ಹೃದಯ ಜ್ಯೋತಿ ಯೋಜನೆಯಲ್ಲಿ ಈಗ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಇಸಿಜಿ ಜಯದೇವದಂಥ ಕೇಂದ್ರಗಳಿಗೆ ಹೋಗಿ ನಿಮಿಷಗಳಲ್ಲಿ ಸೂಚನೆ ಬರುತ್ತದೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಯೋಜನೆಗೆ ಪುನೀತ್ ರಾಜ್‌ಕುಮಾರ್ ಹೆಸರು. ಅವರ ಅಪ್ಪನ ಹೆಸರಿನೊಂದಿಗೆ ಸೇರಿಕೊಂಡ ಸಿಂಗಾನಲ್ಲೂರು ಇಲ್ಲಿಗೆ ದೂರವೇನಲ್ಲ. ಈ ಕಡೆಯ ಜನಕ್ಕೆ ಅದೊಂದು ಹೆಚ್ಚಿನ ಸಲಿಗೆ.

ಇನ್ನು ಹೊಳೆಯಾಚೆಗೆ ಕೈ ತೋರಿಸಿ ಹೇಳಬಹುದಾದ ಒಂದು ಹೆಸರೂ ಇದೆ. ಮಂಡ್ಯ ಸೀಮೆಯ ಹಲ್ಲೇಗೆರೆಯ ಮನೆತನದ ಡಾ. ವಿವೇಕ್ ಮೂರ್ತಿ 1977ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಬೋಸ್ಟನ್ನಿನಲ್ಲಿ ವೈದ್ಯರಾಗಿ ಕೆಲಸ ಮಾಡಿದರು. ಔಷಧ ಪ್ರಯೋಗ ನಡೆಸುವ ಸಂಶೋಧಕರು ಕೂಡಿ ಕೆಲಸ ಮಾಡಲು ನೆರವಾಗುವ ಟ್ರಯಲ್‌ನೆಟ್‌ವರ್ಕ್ಸ್ ಎಂಬ ತಂತ್ರಾಂಶ ಕಂಪನಿಯನ್ನು ಸಂಗಡಿಗರ ಜೊತೆ ಕಟ್ಟಿದರು. ಆಮೇಲೆ ಎರಡು ಬಾರಿ ಅಮೆರಿಕದ ಸರ್ಜನ್ ಜನರಲ್ ಆದರು. ವೈದ್ಯ, ತಂತ್ರಾಂಶ, ಆಡಳಿತ ಮೂರನ್ನೂ ಕಂಡ ಈ ಮನುಷ್ಯ ಎರಡನೆಯ ಅವಧಿಯಲ್ಲಿ, 2023ರಲ್ಲಿ, ದೇಶಕ್ಕೆ ಕೊಟ್ಟ ದೊಡ್ಡ ಎಚ್ಚರಿಕೆ ಒಂಟಿತನದ ಬಗ್ಗೆ. ಜನ ಒಬ್ಬರಿಗೊಬ್ಬರು ಸಿಗದಿರುವುದೇ ಕಾಯಿಲೆಯ ಮೂಲವಾಗುತ್ತಿದೆ ಎಂದರು. ಹಲ್ಲೇಗೆರೆಯ ಜಗಲಿಯ ಮೇಲೆ ಕೂತವರಿಗೆ ಇದು ಹೊಸ ಸುದ್ದಿಯಾಗಿರಲಾರದು.

ಅವರ ಕಥೆ ಅಮೆರಿಕದ್ದು. ನಮ್ಮ ದಾರಿ ಯಳಂದೂರಿನದು.

ಕೊಳ್ಳೇಗಾಲ ದಾಟಿ ಯಳಂದೂರಿಗೆ ಬಂದರೆ ಸುವರ್ಣಾವತಿ ಸಿಗುತ್ತದೆ. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಗುಂಬಳ್ಳಿ. ಆಮೇಲೆ ರಸ್ತೆ ಮೇಲೇರಿ, ಗಾಳಿ ತಂಪಾಗಿ, ಕಾಡು ಎರಡೂ ಬದಿಯಿಂದ ಹತ್ತಿರಾಗುತ್ತದೆ. ಬೆಟ್ಟದ ರಂಗಸ್ವಾಮಿ ಈ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡನೆಂದು ಕಥೆ. ಹಾಗಾಗಿ ಸೋಲಿಗರಿಗೆ ಅವನು ದೇವರೂ ಹೌದು, ಭಾವನೂ ಹೌದು. ದೇವರನ್ನು ಭಾವ ಎಂದು ಕರೆಯುವ ಜನರ ನಡುವೆ ಡಾಕ್ಟರೆಂಬ ದೊಡ್ಡಸ್ತಿಕೆ ಹೆಚ್ಚು ದಿನ ಬಾಳುವಂಥದ್ದಲ್ಲ.

ಡಾ. ಎಚ್. ಸುದರ್ಶನ್ 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಿಂದ ಹೊರಬಂದವರು. ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ, ಎಪ್ಪತ್ತರ ದಶಕದ ಕೊನೆಯಲ್ಲಿ ಈ ಬೆಟ್ಟಕ್ಕೆ ಬಂದರು. ಒಂದು ಗುಡಿಸಲಿನಲ್ಲಿ ಚಿಕಿತ್ಸೆ ಶುರುವಾಯಿತು. ಮೊದಮೊದಲು ಸೋಲಿಗರು ಹೊರಗಿನವರನ್ನು ಕಂಡರೆ ಕಾಡಿನೊಳಕ್ಕೆ ಸರಿದುಹೋಗುತ್ತಿದ್ದರು. ಡಾಕ್ಟರು ಪೋಡಿನಿಂದ ಪೋಡಿಗೆ, ಎಂದರೆ ಅವರ ಹಾಡಿಯಿಂದ ಹಾಡಿಗೆ, ನಡೆದರು. ನಡೆದಂತೆಲ್ಲ ಕಂಡದ್ದು ಕಾಯಿಲೆಗಿಂತ ಹಿಂದಿನದು. 1974ರಲ್ಲಿ ಕಾಡು ವನ್ಯಧಾಮವಾದ ಮೇಲೆ ಸೋಲಿಗರ ಕುಮರಿ ಬೇಸಾಯ ನಿಂತಿತ್ತು, ನೆಲದ ಹಕ್ಕು ಇರಲಿಲ್ಲ, ಅಕ್ಷರ ಇರಲಿಲ್ಲ, ಕೂಲಿಯಲ್ಲಿ ಮೋಸವಿತ್ತು. ಮಾತ್ರೆಯಿಂದ ಗುಣವಾದ ಮಗು ಮೂರು ತಿಂಗಳಿಗೆ ಮತ್ತೆ ಅದೇ ರಕ್ತಹೀನತೆಯಿಂದ ಬಂದು ಎದುರಿಗೆ ನಿಲ್ಲುತ್ತಿತ್ತು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಶಾಲೆ ಬಂತು, ಕಸುಬು ಕಲಿಸುವ ಕೊಠಡಿ ಬಂತು, ಕಿರು ಅರಣ್ಯ ಉತ್ಪನ್ನದ ಸಹಕಾರ ಸಂಘದ ಮಾತು ಬಂತು.

ವೈದ್ಯ ಆಡಳಿತಗಾರನಾಗುವುದು ಇಂಥ ಗಳಿಗೆಯಲ್ಲಿ. ಇನ್ನೊಬ್ಬ ರೋಗಿಯನ್ನು ನೋಡುವ ಹೊತ್ತಿನಲ್ಲಿ ಅವನು ಮತ್ತೊಬ್ಬರಿಗೆ ನೋಡಲು ಕಲಿಸುತ್ತಾ ಕೂರಬೇಕು. ಕೈಗೆ ಇದು ಸುಲಭವಲ್ಲ. ತಾನೇ ಹೊಲಿಗೆ ಹಾಕಿದರೆ ಹತ್ತು ನಿಮಿಷ, ಹುಡುಗಿಗೆ ಕಲಿಸಿದರೆ ಅರ್ಧ ದಿನ. ಆದರೂ ಸೋಲಿಗರ ಹೆಣ್ಣುಮಕ್ಕಳಿಗೆ ನರ್ಸಿಂಗ್ ತರಬೇತಿ ಕೊಟ್ಟು ಅವರವರ ಸೀಮೆಯ ಉಪಕೇಂದ್ರಗಳಿಗೆ ಕಳಿಸುವ ಕೆಲಸ ಇಲ್ಲಿ ನಡೆಯಿತು. ಹೊರಗಿನ ನರ್ಸು ವರ್ಗಾವಣೆಗೆ ಅರ್ಜಿ ಬರೆಯುತ್ತಿದ್ದ ಊರಿನಲ್ಲಿ ಒಳಗಿನವಳು ಹೆರಿಗೆ ಮಾಡಿಸಿ ಸಂಜೆಗೆ ತನ್ನ ಮನೆಗೇ ಹೋದಳು. ಕೇಂದ್ರದ ಶಾಲೆಯಲ್ಲಿ ಮೊದಲು ಅಕ್ಷರ ಕಲಿತವರಲ್ಲಿ ಒಬ್ಬರಾದ ಸಿ. ಮಾದೇಗೌಡರು ಪಿಎಚ್‌.ಡಿ. ಪಡೆದು, ಸೋಲಿಗರ ಅರಣ್ಯ ಹಕ್ಕಿನ ಹೋರಾಟದಲ್ಲಿ ಮುಂದೆ ನಿಂತರು. 2011ರಲ್ಲಿ, ಕಾಡು ಹುಲಿ ರಕ್ಷಿತಾರಣ್ಯವೆಂದು ಘೋಷಣೆಯಾದ ವರ್ಷವೇ, ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳು ಸಿಕ್ಕವು. ಇದನ್ನು ಆರೋಗ್ಯದ ಸಾಧನೆ ಎಂದು ಯಾವ ಇಲಾಖೆಯೂ ಎಣಿಸುವುದಿಲ್ಲ. ನಾನು ಎಣಿಸುತ್ತೇನೆ.

ಬೆಟ್ಟದ ಕೆಳಗಿನ ಕೆಲಸ ಇನ್ನೂ ಕಠಿಣ. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ಹೆಚ್ಚಿತ್ತು. ಅದಕ್ಕಾಗಿಯೇ 1986ರಲ್ಲಿ ಸುದರ್ಶನ್ ಕರುಣಾ ಟ್ರಸ್ಟ್ ಶುರುಮಾಡಿದರು. 1987ರಲ್ಲಿ ಸಾವಿರ ಜನಕ್ಕೆ 21.4ರಷ್ಟಿದ್ದ ಕುಷ್ಠದ ಪ್ರಮಾಣ 2005ಕ್ಕೆ 0.28ಕ್ಕೆ ಇಳಿಯಿತು. ಸಂಖ್ಯೆ ಓದಲು ಒಂದು ಉಸಿರು ಸಾಕು. ಇಳಿಸಿದ ಬಗೆ ಹೀಗೆ: ಕಾರ್ಯಕರ್ತ ಮನೆಯಂಗಳದಲ್ಲಿ ನಿಂತು, “ಮೈ ಮ್ಯಾಲ ಮಚ್ಚೆ ಗಿಚ್ಚೆ ಅದಾ?” ಎಂದು ಕೇಳುತ್ತಾನೆ. ಯಾರೂ ಇದೆ ಎನ್ನುವುದಿಲ್ಲ. ಹತ್ತು ಮಾತಾದ ಮೇಲೆ, ಮಳೆ ಬೆಳೆ ಎಲ್ಲ ಮುಗಿದ ಮೇಲೆ, ಮನೆಯ ಯಜಮಾನ ಅಂಗಿಯ ತೋಳು ಸರಿಸುತ್ತಾನೆ. ಬೆಳ್ಳಗೆ ತೆಳುವಾದ ಮಚ್ಚೆ. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮುಟ್ಟಿ, “ಎಲ್ಲಿ ಮುಟ್ದೆ ತೋರ್ಸು” ಅಂದರೆ ಬೆರಳು ಗಾಳಿಯಲ್ಲೇ ಉಳಿಯುತ್ತದೆ. ಆಮೇಲೆ ಬಹುಔಷಧ ಚಿಕಿತ್ಸೆಯ ಪಟ್ಟಿ. ದಿನಕ್ಕೊಂದು ಗುಳಿಯಿರುವ ಮಾತ್ರೆಪಟ್ಟಿ, ಓದಲು ಬಾರದವನಿಗೂ ಅದೇ ಕ್ಯಾಲೆಂಡರು. ಅದರಲ್ಲಿ ಕ್ಲೊಫಾಜಿಮಿನ್ ಎಂಬ ಮಾತ್ರೆ ಮೈಬಣ್ಣವನ್ನು ಕಪ್ಪಾಗಿಸುತ್ತದೆ. ಮದುವೆಗೆ ಬಂದ ಹುಡುಗಿ ಅದನ್ನು ತಿಪ್ಪೆಗೆ ಎಸೆಯುತ್ತಾಳೆ. ಎಸೆದದ್ದನ್ನು ಪತ್ತೆಹಚ್ಚಿ, ಬೈಯದೆ, ಬಣ್ಣ ವಾಪಸು ಬರುತ್ತದೆಂದು ನಂಬಿಸಿ, ಮತ್ತೆ ನುಂಗಿಸುವವರು ಡಾಕ್ಟರಲ್ಲ. ಮುಖ್ಯಸ್ಥರ ಕೆಲಸ ಇಲ್ಲಿ ಏನೆಂದರೆ, ಆ ಕಾರ್ಯಕರ್ತ ತಂದ ಸುದ್ದಿಗೆ ತಜ್ಞರ ವರದಿಯಷ್ಟೇ ಬೆಲೆ ಕೊಡುವುದು, ಮತ್ತು ಮಾತ್ರೆ ಪಟ್ಟಣದ ಗೋದಾಮಿನಲ್ಲಿ ಕೊಳೆಯದಂತೆ ನೋಡಿಕೊಳ್ಳುವುದು.

ಇದೇ ಯಳಂದೂರು ವೈದ್ಯಲೋಕದ ಪುಸ್ತಕಗಳಲ್ಲಿ ಇನ್ನೊಂದು ಕಾರಣಕ್ಕೆ ಸೇರಿದೆ. ನಮ್ಮ ಕಡೆ ತಲೆಗೆ ನೀರು ಹಾಕಿಕೊಳ್ಳುವುದೆಂದರೆ ಒಂದು ಉತ್ಸವ. ಬಚ್ಚಲ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ, ಹೊಗೆ ಹಂಚಿನ ಸಂದಿಯಿಂದ ಹೊರಟಿರುತ್ತದೆ, ಎಣ್ಣೆ ಹಚ್ಚಿಕೊಂಡು ಕೂತವನ ನೆತ್ತಿಯ ಮೇಲೆ ಅವ್ವ ಚೊಂಬಿನ ಮೇಲೆ ಚೊಂಬು ಸುರಿಯುತ್ತಾಳೆ. ಕೆಲವರಿಗೆ ಆ ಹೊತ್ತಿನಲ್ಲೇ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ಬಾಯಿ ಚಪ್ಪರಿಸುತ್ತದೆ, ಮೈ ಸೆಟೆಯುತ್ತದೆ. ಬಿಸಿನೀರಿನ ಮೂರ್ಛೆ. ಲೋಕದಲ್ಲಿ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಷ್ಟೇನೂ ಅಪರೂಪವಲ್ಲ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದಿದ್ದರು. ತೊಂಬತ್ತರ ದಶಕದಲ್ಲಿ ಅವರ ತಂಡ ಯಳಂದೂರಿಗೆ ಬಂದು, ಸುಮಾರು 65 ಸಾವಿರ ಜನರನ್ನು ಮನೆಮನೆ ವಿಚಾರಿಸಿ, ಎಲ್ಲ ಬಗೆಯ ಮೂರ್ಛೆರೋಗದ ಲೆಕ್ಕ ತೆಗೆಯಿತು.

ತಲೆ ಚಿತ್ರಿಸುವ ದೊಡ್ಡ ಯಂತ್ರವಿಲ್ಲದ ಹಳ್ಳಿಯಲ್ಲಿ, ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಎಂಬ ಅಗ್ಗದ ಹಳೆಯ ಮಾತ್ರೆಗಳನ್ನು ತಪ್ಪದೆ ಮುಟ್ಟಿಸಿದರೆ ಬಹುಪಾಲು ಜನರ ಮೂರ್ಛೆಯನ್ನು ಹಿಡಿತಕ್ಕೆ ತರಬಹುದೆಂದು ತೋರಿಸಿಕೊಟ್ಟ ‘ಯಳಂದೂರು ಅಧ್ಯಯನ’ 2001ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿರುವ ಔಷಧ. ಹೊಸದಾಗಿದ್ದದ್ದು ‘ತಪ್ಪದೆ’ ಎಂಬುದು ಮಾತ್ರ. ಅದನ್ನು ಆಗಮಾಡಿದ್ದು ಬಾಗಿಲು ತಟ್ಟಿ ಪ್ರಶ್ನೆ ಕೇಳಿದವರು, ದೆವ್ವ ಹಿಡಿದಿದೆ ಎಂದವರ ಜೊತೆ ಜಗಳವಾಡದೆ ಮಾತ್ರೆಯನ್ನೂ ಕೊಟ್ಟು ಬಂದವರು. ಕೊಳ್ಳೇಗಾಲದ ರೇಷ್ಮೆ ಸೀರೆಯಲ್ಲಿ ಕಣ್ಣಿಗೆ ಬೀಳುವುದು ಸೆರಗು. ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಸೇರಿಸಿ ಕೊಟ್ಟ ಹೆಂಗಸರ ಬೆರಳು ಯಾರಿಗೂ ಕಾಣುವುದಿಲ್ಲ. ಇದೂ ಹಾಗೆಯೇ. ಲ್ಯಾನ್ಸೆಟ್ಟಿನ ಪುಟದಲ್ಲಿ ಅವರೆಲ್ಲರ ಹೆಸರಿಗೆ ಜಾಗವಿರಲು ಸಾಧ್ಯವೂ ಇರಲಿಲ್ಲ.

1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟ್ ನಡೆಸಲು ತೆಗೆದುಕೊಂಡಿತು. ಆಗ ಇಂಥ ಏರ್ಪಾಡು ಹೊಸದು. ಕಟ್ಟಡ ಸರ್ಕಾರದ್ದು, ಔಷಧ ಸರ್ಕಾರದ್ದು, ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆಯುವ ಹೊಣೆ ಸಂಸ್ಥೆಯದು. ಕುಷ್ಠ, ಮೂರ್ಛೆ, ಮಾನಸಿಕ ಕಾಯಿಲೆ, ಹಲ್ಲು, ಕಣ್ಣು ಎಲ್ಲವೂ ಬೇರೆ ಬೇರೆ ಇಲಾಖೆಯ ಬೇರೆ ಬೇರೆ ದಿನಗಳಾಗಿರದೆ ಒಂದೇ ಸೂರಿನ ಕೆಲಸವಾದವು. ಮುಂದೆ ಕರ್ನಾಟಕದ ಹಲವು ಜಿಲ್ಲೆಗಳಿಗೂ ದೂರದ ಅರುಣಾಚಲ ಪ್ರದೇಶಕ್ಕೂ ಈ ಮಾದರಿ ಹೋಯಿತು. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು.

1999ರಲ್ಲಿ ರಾಜ್ಯದ ಆರೋಗ್ಯ ಕಾರ್ಯಪಡೆಗೆ ಸುದರ್ಶನ್ ಅಧ್ಯಕ್ಷರಾದರು. 2001ರ ಅದರ ವರದಿ ಆರೋಗ್ಯ ವ್ಯವಸ್ಥೆಯ ಹನ್ನೆರಡು ರೋಗಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಭ್ರಷ್ಟಾಚಾರವನ್ನು ಅದರ ಹೆಸರಿಟ್ಟೇ ಕರೆದಿತ್ತು. ಸರ್ಕಾರಿ ವರದಿಗಳ ಭಾಷೆ ಬಲ್ಲವರಿಗೆ ಇದೆಷ್ಟು ಅಪರೂಪ ಎಂದು ಗೊತ್ತು. ಅಲ್ಲಿ ಸಾಮಾನ್ಯವಾಗಿ ‘ಸವಾಲುಗಳು’ ಇರುತ್ತವೆ, ಲಂಚ ಇರುವುದಿಲ್ಲ. ಆಮೇಲೆ ಲೋಕಾಯುಕ್ತ ಎನ್. ವೆಂಕಟಾಚಲ ಅವರ ಕಾಲದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿ ಆಸ್ಪತ್ರೆಗಳ ಬಾಗಿಲು ತಟ್ಟಿದರು.

ಎಲ್ಲರೂ ಒಪ್ಪಿದ ಮಾದರಿ ಇದೆಂದು ಹೇಳಿದರೆ ತಪ್ಪಾದೀತು. ಸರ್ಕಾರ ಮಾಡಬೇಕಾದ್ದನ್ನು ಸಂಸ್ಥೆಗೆ ಕೊಟ್ಟು ಕೈತೊಳೆದುಕೊಂಡರೆ ನಾಳೆ ಸಂಸ್ಥೆ ಹೋದಾಗ ಯಾರನ್ನು ಕೇಳುವುದು ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದು ಕೂಡ. ಸರ್ಕಾರ ಇದೇ ದಾರಿಯಲ್ಲಿ ಆರೋಗ್ಯ ಬಂಧು ಎಂಬ ಯೋಜನೆ ಮಾಡಿ ಹಲವು ಸಂಸ್ಥೆಗಳಿಗೆ ಕೇಂದ್ರಗಳನ್ನು ವಹಿಸಿದಾಗ ಎಲ್ಲ ಕಡೆಯೂ ಗುಂಬಳ್ಳಿ ಹುಟ್ಟಲಿಲ್ಲ. ಒಪ್ಪಂದದ ಹಾಳೆ ಒಂದೇ ಇತ್ತು, ಬಾಗಿಲು ತೆಗೆಯುವ ಕೈ ಬೇರೆ ಬೇರೆ. ಒಬ್ಬರ ಹೆಸರಿನ ಸುತ್ತ ಬೆಳೆದ ಸಂಸ್ಥೆಗೆ ಆ ಹೆಸರೇ ಭಾರವಾಗುವ ಅಪಾಯವೂ ಇದ್ದೇ ಇದೆ. ನನ್ನ ಮಟ್ಟಿಗೆ ಬೆಟ್ಟದ ಪ್ರಯೋಗವನ್ನು ಅಳೆಯಬೇಕಾದ್ದು ಪ್ರಶಸ್ತಿಗಳಿಂದಲ್ಲ. ಡಾಕ್ಟರು ಊರಲ್ಲಿಲ್ಲದ ದಿನ ಉಪಕೇಂದ್ರದಲ್ಲಿ ಏನು ನಡೆಯುತ್ತದೆ ಎಂಬುದರಿಂದ.

ತಂಡವೆಂದರೇನು ಎಂಬುದಕ್ಕೆ ಈ ಸೀಮೆ ಎರಡು ಕಹಿ ಪಾಠಗಳನ್ನು ನೋಡಿದೆ. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ನೆಲಕ್ಕುರುಳಿದರು. ಬೆಳೆಗೆ ಹೊಡೆಯುವ ಕೀಟನಾಶಕ. ಸಿಕ್ಕ ಸಿಕ್ಕ ಗಾಡಿಗಳಲ್ಲಿ ಕಾಮಗೆರೆಗೆ, ಕೊಳ್ಳೇಗಾಲಕ್ಕೆ ಹೊತ್ತು ತಂದರು. ಅಂಥ ವಿಷಕ್ಕೆ ಅಟ್ರೋಪಿನ್ ಚುಚ್ಚುತ್ತಾ, ಎದೆಯ ಕಫ ಎಳೆಯುತ್ತಾ, ಉಸಿರಿನ ಯಂತ್ರವಿರುವ ಕಡೆಗೆ ಸಾಗಿಸಬೇಕು. ರಾತ್ರಿಯಿಡೀ ನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ಮೈಸೂರಿಗೆ ಆಂಬ್ಯುಲೆನ್ಸುಗಳು ಓಡಿದವು, ಸರ್ಕಾರಿ, ಖಾಸಗಿ ಎನ್ನದೆ ಅಲ್ಲಿನ ಆಸ್ಪತ್ರೆಗಳು ಹಾಸಿಗೆ ಬಿಟ್ಟುಕೊಟ್ಟವು. 17 ಜನ ಸತ್ತರು. ಅಂಗಳ ತುಂಬ ಮಲಗಿದ್ದವರಲ್ಲಿ ಯಾರನ್ನು ಮೊದಲು ಕಳಿಸಬೇಕು ಎಂದು ತೀರ್ಮಾನಿಸಿದ ನರ್ಸು, ಡ್ರೈವರುಗಳು ಇಲ್ಲದಿದ್ದರೆ ಆ ಲೆಕ್ಕ ಅಲ್ಲಿಗೆ ನಿಲ್ಲುತ್ತಿರಲಿಲ್ಲ.

ಇನ್ನೊಂದು 2021ರ ಮೇ 2 ಮತ್ತು 3ರ ನಡುವಿನದು. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಕಾರಣವಾಗಿ ಹೇಳಿತು. ಸಿಲಿಂಡರು ಬರಬೇಕಿದ್ದದ್ದು ಮೈಸೂರಿನಿಂದ, ಎರಡು ಗಂಟೆಯೂ ಇಲ್ಲದ ದಾರಿ. ಹತ್ತೊಂಬತ್ತು ವರ್ಷದ ಹಿಂದೆಯೇ ಉಪಗ್ರಹಕ್ಕೆ ಜೋಡಿಸಿದ್ದ ಜಿಲ್ಲೆ ಅದು.

ಹನೂರಿನಾಚೆ, ಮಲೆ ಮಹದೇಶ್ವರ ಬೆಟ್ಟದ ಸುತ್ತ, ಇಂದಿಗೂ ರಸ್ತೆಯಿಲ್ಲದ ಕಾಡುಹಳ್ಳಿಗಳಿವೆ. ಅಲ್ಲಿ ರೋಗಿ ಬರುವುದು ಡೋಲಿಯಲ್ಲಿ. ಬೊಂಬಿಗೆ ಸೀರೆಯೋ ಕಂಬಳಿಯೋ ಕಟ್ಟಿ, ನಾಲ್ವರು ಹೆಗಲು ಕೊಟ್ಟು, ಇನ್ನು ನಾಲ್ವರು ಹೆಗಲು ಬದಲಿಸಲು ಜೊತೆಗೆ ನಡೆಯುತ್ತಾರೆ. ಮುಂದೆ ಒಬ್ಬ ಆನೆಯ ಸುಳಿವು ನೋಡುತ್ತಾ ಹೋಗುತ್ತಾನೆ. ಯಾರು ಯಾವಾಗ ಹೆಗಲು ಬದಲಿಸಬೇಕೆಂದು ಯಾರೂ ಹೇಳುವುದಿಲ್ಲ, ಉಸಿರಿನ ಸದ್ದಿನಲ್ಲೇ ತಿಳಿಯುತ್ತದೆ. ಇದನ್ನು ಹೊಗಳುವುದು ನನಗಿಷ್ಟವಿಲ್ಲ. ರಸ್ತೆಯಿದ್ದಿದ್ದರೆ ಈ ಅಷ್ಟೂ ಮಂದಿಯ ಒಂದು ದಿನದ ಕೂಲಿ ಉಳಿಯುತ್ತಿತ್ತು.

ರಸ್ತೆ ಸಿಗುವಲ್ಲಿ ಆಶಾ ಕಾರ್ಯಕರ್ತೆ ಕಾಯುತ್ತಿರುತ್ತಾಳೆ, 108ಕ್ಕೆ ಫೋನು ಹಚ್ಚಿ. ಕೈಚೀಲದಲ್ಲಿ ತಾಯಿ ಕಾರ್ಡು, ಪ್ಯಾರಸಿಟಮಾಲ್, ಹಾಳೆ ಮಡಚಿದ ನೋಟ್‌ಬುಕ್ಕು. ಊರಿನ ಗರ್ಭಿಣಿಯರ ದಿನ ಅವಳಿಗೆ ಬಾಯಿಪಾಠ. ಆದರೂ ಎಲ್ಲವನ್ನೂ ಮೊಬೈಲಿನಲ್ಲಿ ತುಂಬಬೇಕು. ತುಂಬದಿದ್ದರೆ ಮಾಡಿದ ಕೆಲಸ ಮಾಡಿದಂತಲ್ಲ, ಪ್ರೋತ್ಸಾಹಧನವೂ ಇಲ್ಲ. ನೆಟ್‌ವರ್ಕು ಸಿಗುವುದು ಬಂಡೆಯ ಆ ಮೂಲೆಯಲ್ಲಿ, ಅದೂ ಸರ್ವರು ಮನಸ್ಸು ಮಾಡಿದಾಗ.

“ಏನ್ ತೊಂದ್ರವ್ವ ಇದ್ರಲ್ಲಿ?” ಎಂದು ಕೇಳಿದರೆ ಅವಳು ನಗುತ್ತಾಳೆ.

“ತೊಂದ್ರ ಏನಿಲ್ಲ ಸಾ. ಇದ್ನ ಮಾಡ್ದವ್ರು ಒಂದ್ಸಲ ಇಲ್ಗ ಬಂದು, ನನ್ಜೊತ ಈ ಬಂಡ ಮ್ಯಾಲ ನಿಂತ್ಕಂಡು, ಒಂದೇ ಒಂದು ಎಂಟ್ರಿ ಹಾಕ್ಲಿ. ಆಮ್ಯಾಲ ಅವ್ರೇ ಸರಿ ಮಾಡ್ತಾರ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸರ್ವರು ಬಂದಿದೆಯಂತೆ, ಪಕ್ಕದ ಊರಿನ ಆಶಾ ತಿಳಿಸಿದ್ದು. ಅವಳು ನೋಟ್‌ಬುಕ್ಕು ತೆಗೆದು ಬಂಡೆಯ ಕಡೆ ನಡೆದಳು. ಮೂರು ದಿನದ ಲೆಕ್ಕ ಬಾಕಿಯಿತ್ತು.